ಗಿಟಾರ್ ಕಲಿಯುವ ಮುನ್ನ: ಆರು ತಂತಿ, ಹನ್ನೆರಡು ಮನೆ

ದಸರೆ ಹತ್ತಿರವಾದಾಗ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮಕ್ಕೆ ಹೋಗಿ ಬಂದ ಮಕ್ಕಳಲ್ಲಿ ಕೆಲವರಾದರೂ ಗಿಟಾರ್ ಕೊಡಿಸಿ ಎಂದು ಮನೆಯಲ್ಲಿ ಹಟ ಹಿಡಿಯುತ್ತಾರೆ. ಹಬ್ಬದ ರಿಯಾಯಿತಿಯಲ್ಲಿ ಮೊಬೈಲಿನ ಮೂಲಕವೇ ತರಿಸಿದ ವಾದ್ಯ ಮೈಸೂರಿನ ಕುವೆಂಪುನಗರಕ್ಕೋ ಮಂಡ್ಯದ ವಿದ್ಯಾನಗರಕ್ಕೋ ಬಂದು ತಲುಪಿದ ಮೇಲೆ ಪ್ರಶ್ನೆಗಳು ಏಳುತ್ತವೆ. ಆರು ತಂತಿಗಳನ್ನು ಯಾವ ಶ್ರುತಿಗೆ ಕೂಡಿಸಬೇಕು, ದಂಡಿಯ ಮೇಲಿನ ಲೋಹದ ಪಟ್ಟಿಗಳ ನಡುವಿನ ಅಂತರ ಏಕೆ ಸಮನಾಗಿಲ್ಲ, ಎಲ್ಲರೂ ಹೇಳುವ ಕಾರ್ಡ್ ಎಂದರೇನು, ಬೆರಳು ಇಷ್ಟೊಂದು ಏಕೆ ಉರಿಯುತ್ತದೆ ಎಂಬವು ಅವುಗಳಲ್ಲಿ ಮುಖ್ಯವಾದವು.

ಗಿಟಾರ್ ಹೊರಗಿನಿಂದ ಬಂದ ವಾದ್ಯವಾದರೂ ಅದರ ಹಿಂದಿನ ಲೆಕ್ಕ ಈ ಸೀಮೆಗೆ ಅಪರಿಚಿತವಲ್ಲ. ವೀಣೆ ಶೇಷಣ್ಣನವರು (1852–1926) ಬಾಳಿದ ಮೈಸೂರಿನಲ್ಲಿ ವೀಣೆಯನ್ನು ಹತ್ತಿರದಿಂದ ಕಂಡವರಿಗೆ, ಸರಳೆ ವರಸೆಯನ್ನಾದರೂ ಹಾಡಿದವರಿಗೆ, ಗಿಟಾರಿನ ಅರ್ಧ ಭಾಗ ಆಗಲೇ ತಿಳಿದಿರುತ್ತದೆ. ಆದ್ದರಿಂದ ತಿಳಿದಿರುವ ಅರ್ಧದಿಂದಲೇ ಆರಂಭಿಸುವುದು ಅನುಕೂಲ.

ತಂತಿಯಿಂದ ಕಿವಿಯವರೆಗೆ

ಬಿಗಿದ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಇಂತಿಷ್ಟು ಬಾರಿ ಎಂದು ಕಂಪಿಸುತ್ತದೆ. ಈ ಸಂಖ್ಯೆಯನ್ನು ಹರ್ಟ್ಜ್ ಎಂಬ ಮಾನದಲ್ಲಿ ಹೇಳುತ್ತಾರೆ; ಸಂಖ್ಯೆ ಹೆಚ್ಚಿದಷ್ಟೂ ಸ್ವರ ಏರುತ್ತದೆ. ತಂತಿ ಗಿಡ್ಡವಾದರೆ ಸ್ವರ ಏರುತ್ತದೆ, ಬಿಗಿ ಹೆಚ್ಚಿದರೂ ಏರುತ್ತದೆ, ತಂತಿ ದಪ್ಪವಾಗಿ ಭಾರವಾದರೆ ಇಳಿಯುತ್ತದೆ. ಗಿಟಾರಿನ ದಂಡಿಯ ತುದಿಯಲ್ಲಿರುವ ಬಿರಡೆಗಳು ಬಿಗಿಯನ್ನು ಹೊಂದಿಸುತ್ತವೆ. ಆರು ತಂತಿಗಳ ದಪ್ಪ ಬೇರೆ ಬೇರೆಯಾಗಿರುವುದರಿಂದ, ಉದ್ದ ಒಂದೇ ಆಗಿದ್ದರೂ ಬಿಗಿಯಲ್ಲಿ ಹೆಚ್ಚಿನ ವ್ಯತ್ಯಾಸ ಇಲ್ಲದಿದ್ದರೂ ಅವು ಬೇರೆ ಬೇರೆ ಸ್ವರ ನುಡಿಯುತ್ತವೆ. ಎಡಗೈ ಬೆರಳುಗಳ ಕೆಲಸ ಉದ್ದವನ್ನು ಬದಲಿಸುವುದು. ವಾದನವೆಂದರೆ ಬಹುಪಾಲು ಇಷ್ಟೇ.

ತಂತಿ ತೀರ ಸಣ್ಣದಾದ್ದರಿಂದ ತಾನಾಗಿ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದರ ಕಂಪನ, ಒಡಲಿನ ಮೇಲೆ ತಂತಿಗಳನ್ನು ಹೊತ್ತಿರುವ ಕುದುರೆ ಎಂಬ ಪಟ್ಟಿಯ ಮೂಲಕ ತೆಳುವಾದ ಮೇಲ್ಹಲಗೆಗೆ ಇಳಿಯುತ್ತದೆ. ನಾವು ಕೇಳುವ ನಾದದ ಬಹುಭಾಗ ಆ ಹಲಗೆಯದು. ಉಳಿದದ್ದು ಒಡಲಿನೊಳಗಿನ ಗಾಳಿಯದು. ಖಾಲಿ ಸೀಸೆಯ ಬಾಯಿಗೆ ಊದಿದಾಗ ಹೊರಡುವ ಗುಂಯ್ ಎಂಬ ಸದ್ದಿನ ಹಾಗೆಯೇ ಗಿಟಾರಿನ ದುಂಡು ರಂಧ್ರದ ಹಿಂದಿನ ಗಾಳಿಯೂ 100 ಹರ್ಟ್ಜ್‌ನ ಆಸುಪಾಸಿನಲ್ಲಿ ತನ್ನದೇ ಸ್ವರ ಹಿಡಿದು ಮಂದ್ರದ ಸ್ವರಗಳಿಗೆ ಮೈ ತುಂಬುತ್ತದೆ.

ಮೇಲ್ಹಲಗೆಗೆ ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್ ಎಂಬ ಹಗುರ ಮರಗಳನ್ನು ಬಳಸುತ್ತಾರೆ. ಬೆನ್ನಿಗೂ ಪಕ್ಕಗಳಿಗೂ ಬಳಸುವ ಮರಗಳಲ್ಲಿ ಹೆಸರಾದದ್ದು ನಮ್ಮ ಪಶ್ಚಿಮ ಘಟ್ಟದ ಬೀಟೆ. ಮೈಸೂರಿನ ಇನ್ಲೇ ಕುಸುರಿ ಕೆಲಸಕ್ಕೆ ಹಿನ್ನೆಲೆಯಾಗುವ ಮರವೂ ಅದೇ. ಬ್ರೆಜಿಲ್ ದೇಶವು 1960ರ ದಶಕದ ಕೊನೆಯ ಹೊತ್ತಿಗೆ ತನ್ನಲ್ಲಿನ ಬೀಟೆ ಜಾತಿಯ ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿದ ಮೇಲೆ ಅಮೆರಿಕದ ಗಿಟಾರ್ ತಯಾರಕರು ಭಾರತದ ಬೀಟೆಯ ಕಡೆಗೆ ತಿರುಗಿದರು. ಆದರೆ ಕಲಿಯುವವರಿಗಾಗಿ ಮಾಡಿದ ಅಗ್ಗದ ವಾದ್ಯದಲ್ಲಿ ಇಂಥ ಮರವನ್ನು ನಿರೀಕ್ಷಿಸುವಂತಿಲ್ಲ. ಅದರ ಹಲಗೆಗಳೆಲ್ಲ ಪದರ ಪದರವಾಗಿ ಅಂಟಿಸಿದ ಪ್ಲೈವುಡ್. ಸ್ವಲ್ಪ ಹೆಚ್ಚು ಬೆಲೆಯ ವಾದ್ಯಗಳ ವಿವರದಲ್ಲಿ ಕಾಣುವ 'ಸಾಲಿಡ್ ಟಾಪ್' ಎಂಬ ಮಾತಿಗೆ ಮೇಲ್ಹಲಗೆ ಮಾತ್ರ ಅಖಂಡ ಮರದ್ದು ಎಂದು ಅರ್ಥ. ನಾದದಲ್ಲಿ ಮೊದಲು ಕೇಳಿಸುವ ವ್ಯತ್ಯಾಸ ಮೇಲ್ಹಲಗೆಯದೇ ಆದ್ದರಿಂದ ಆ ಹೆಚ್ಚುವರಿ ಹಣ ವ್ಯರ್ಥವಲ್ಲ.

ಹನ್ನೆರಡು ಮನೆಗಳು

ವೀಣೆಯಲ್ಲಿ 24 ಮೆಟ್ಟಿಲುಗಳಿರುತ್ತವೆ; ಸ್ಥಾಯಿಗೆ (ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಹರವಿಗೆ) 12ರಂತೆ ಎರಡು ಸ್ಥಾಯಿ. ಗಿಟಾರಿನಲ್ಲಿ ಇವುಗಳಿಗೆ, ಅಂದರೆ ದಂಡಿಯ ಮೇಲಿನ ಲೋಹದ ಪಟ್ಟಿಗಳಿಗೆ, ಫ್ರೆಟ್ ಎಂದು ಹೆಸರು; ಎರಡು ಪಟ್ಟಿಗಳ ನಡುವಿನ ಜಾಗವೇ ಮನೆ. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರಿನಲ್ಲಿ ಒಟ್ಟು 19, ಉಕ್ಕಿನ ತಂತಿಯ ಗಿಟಾರಿನಲ್ಲಿ ಸಾಮಾನ್ಯವಾಗಿ 20, ಎಲೆಕ್ಟ್ರಿಕ್ ಗಿಟಾರಿನಲ್ಲಿ 21ರಿಂದ 24 ಇರುತ್ತವೆ. ಒಟ್ಟು ಎಷ್ಟೇ ಇರಲಿ, ಒಂದು ಸ್ಥಾಯಿಗೆ 12 ಎಂಬುದು ಬದಲಾಗುವುದಿಲ್ಲ. ಬಿಟ್ಟ ತಂತಿಯನ್ನು, ಅಂದರೆ ಬೆರಳಿನಿಂದ ಒತ್ತದ ತಂತಿಯನ್ನು, ಷಡ್ಜವೆಂದು ಹಿಡಿದರೆ ಮೊದಲ ಫ್ರೆಟ್ಟಿನಲ್ಲಿ ಶುದ್ಧ ರಿಷಭ, ಎರಡರಲ್ಲಿ ಚತುಃಶ್ರುತಿ ರಿಷಭ, ಮೂರರಲ್ಲಿ ಸಾಧಾರಣ ಗಾಂಧಾರ, ನಾಲ್ಕರಲ್ಲಿ ಅಂತರ ಗಾಂಧಾರ, ಐದರಲ್ಲಿ ಶುದ್ಧ ಮಧ್ಯಮ, ಏಳರಲ್ಲಿ ಪಂಚಮ, ಹನ್ನೆರಡರಲ್ಲಿ ತಾರ ಷಡ್ಜ ನುಡಿಯುತ್ತವೆ.

ಫ್ರೆಟ್ಟುಗಳ ಅಂತರ ಕೆಳಗಿಳಿದಂತೆ ಕಿರಿದಾಗುವುದಕ್ಕೆ ಕಾರಣ ಇಲ್ಲಿದೆ. ಪ್ರತಿಯೊಂದು ಫ್ರೆಟ್ ತಂತಿಯ ಉಳಿದ ಉದ್ದದಲ್ಲಿ ಸುಮಾರು ಶೇ. 5.6ರಷ್ಟನ್ನು ಕಳೆಯುತ್ತದೆ. ಶಾಸ್ತ್ರೀಯ ಗಿಟಾರಿನ ತಂತಿಯ ಉದ್ದ ಸಾಮಾನ್ಯವಾಗಿ 650 ಮಿಲಿಮೀಟರ್. ಅದರಲ್ಲಿ ಮೊದಲ ಮನೆಯ ಅಗಲ ಸುಮಾರು 36.5 ಮಿಲಿಮೀಟರ್ ಆದರೆ ಹನ್ನೆರಡನೆಯದು ಸುಮಾರು 19.3 ಮಾತ್ರ. ಹನ್ನೆರಡನೆಯ ಫ್ರೆಟ್ ಸರಿಯಾಗಿ ನಟ್ಟನಡುವೆ, ಅಂದರೆ 325ರಲ್ಲಿ, ಬರುತ್ತದೆ. ಉದ್ದ ಅರ್ಧವಾದಾಗ ಕಂಪನ ಇಮ್ಮಡಿಯಾಗಿ ತಾರ ಷಡ್ಜ ಸಿಗುತ್ತದೆ. ಹೊಸ ಗಿಟಾರ್ ಸರಿಯಾಗಿದೆಯೇ ಎಂದು ಅಂಗಡಿಯಲ್ಲೇ ನೋಡಲು ಈ ಸಂಗತಿ ನೆರವಾಗುತ್ತದೆ: ಶ್ರುತಿ ಮಾಡಿದ ಮೇಲೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ಶ್ರುತಿ ತೋರಿಸುವ ಟ್ಯೂನರ್ ಎಂಬ ಸಾಧನ ಅದೇ ಸ್ವರದ ಹೆಸರನ್ನು ತೋರಿಸಬೇಕು, ಮುಳ್ಳು ಒಂದು ಕಡೆಗೆ ಗಣನೀಯವಾಗಿ ವಾಲಿದರೆ ಆ ವಾದ್ಯವನ್ನು ಬಿಡುವುದು ಮೇಲು.

ವೀಣೆಗೂ ಗಿಟಾರಿಗೂ ಇರುವ ವ್ಯತ್ಯಾಸವನ್ನೂ ಇಲ್ಲಿಯೇ ಗಮನಿಸಬಹುದು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುವುದರಿಂದ ಮೇಳ ಕಟ್ಟುವವರು, ಅಂದರೆ ಆ ಮೆಟ್ಟಿಲುಗಳನ್ನು ಕೂರಿಸುವವರು, ಕಿವಿಗೆ ಒಪ್ಪುವಂತೆ ಅವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಬಲ್ಲರು. ಗಿಟಾರಿನ ಫ್ರೆಟ್ಟುಗಳನ್ನು ದಂಡಿಯ ಮೇಲಿನ ಹಲಗೆಯ ಸೀಳುಗಳಲ್ಲಿ ಬಡಿದು ಕೂರಿಸಿರುತ್ತಾರೆ. ಹನ್ನೆರಡು ಹೆಜ್ಜೆಗಳೂ ಒಂದೇ ಪ್ರಮಾಣದವು. ತಂಬೂರಿಯ ನಾದದಲ್ಲಿ ತಾನಾಗಿ ಹುಟ್ಟುವ ಅಂತರ ಗಾಂಧಾರದ ಕಂಪನ ಷಡ್ಜದ 1.25ರಷ್ಟಿದ್ದರೆ ಗಿಟಾರಿನ ನಾಲ್ಕನೆಯ ಫ್ರೆಟ್ ಕೊಡುವುದು ಸುಮಾರು 1.26. ತಂಬೂರಿಗೆ ಒಗ್ಗಿದ ಕಿವಿಗೆ ಗಿಟಾರಿನ ಗಾಂಧಾರ ಒಂದಿಷ್ಟು ಚೂಪಾಗಿ ಕೇಳಿಸುವುದು ಭ್ರಮೆಯಲ್ಲ. ಈ ಸಣ್ಣ ರಾಜಿಗೆ ಪ್ರತಿಯಾಗಿ ದೊರೆಯುವ ಅನುಕೂಲವೆಂದರೆ ಯಾವ ಸ್ವರವನ್ನು ಬೇಕಾದರೂ ಷಡ್ಜವಾಗಿಸಿಕೊಂಡು, ವಾದ್ಯವನ್ನು ಮತ್ತೆ ಶ್ರುತಿ ಮಾಡದೆ, ನುಡಿಸಬಹುದು. ಇನ್ನೊಂದು ವ್ಯತ್ಯಾಸ ಸ್ವರವನ್ನು ತೂಗಿಸಿ ಆಡಿಸುವ ಗಮಕದ್ದು. ವೀಣೆಯ ಮೆಟ್ಟಿಲುಗಳು ಎತ್ತರವಾಗಿದ್ದು ತಂತಿಯನ್ನು ಪಕ್ಕಕ್ಕೆ ಎಳೆದು ಹಲವು ಸ್ವರಗಳವರೆಗೆ ಒಯ್ಯಬಹುದು. ಗಿಟಾರಿನಲ್ಲಿ ಅದಕ್ಕೆ ಎಡೆ ಕಡಿಮೆ.

ಯಾವ ಗಿಟಾರ್

ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರಿನ ದಂಡಿ ಅಗಲ, ತಂತಿ ಮೆತ್ತಗೆ, ನಾದ ಮೃದು. ಈ ಬಗೆಯ ವಾದ್ಯಕ್ಕೆ ಇಂದಿನ ಆಕಾರ ಕೊಟ್ಟವನು 19ನೆಯ ಶತಮಾನದ ಸ್ಪೇನಿನ ಕುಶಲಕರ್ಮಿ ಆಂಟೋನಿಯೊ ಡೆ ಟೊರೆಸ್. ಆಗ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳಿದ್ದವು. ನೈಲಾನ್ ಬಂದದ್ದು 1940ರ ದಶಕದಲ್ಲಿ. ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್ ಹೆಚ್ಚು ಜೋರಾಗಿ, ಮೊನಚಾಗಿ ನುಡಿಯುತ್ತದೆ. ಸಿನಿಮಾ ಹಾಡಿಗೂ ಭಾವಗೀತೆಗೂ ಜೊತೆ ನೀಡಲು ಹೆಚ್ಚಿನವರು ಬಯಸುವುದು ಇದನ್ನೇ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪೊಳ್ಳು ಒಡಲಿನ ಕೆಲಸವನ್ನು ತಂತಿಗಳ ಕೆಳಗಿನ ಅಯಸ್ಕಾಂತದ ಪಿಕಪ್ ಮತ್ತು ಆಂಪ್ಲಿಫೈಯರ್ ಸೇರಿ ಮಾಡುತ್ತವೆ. ಅದರ ತಂತಿಗಳು ತೆಳು, ಒತ್ತುವುದು ಸುಲಭ, ಆದರೆ ಖರ್ಚು ಎರಡು ಬಾರಿ.

ಹತ್ತು ವರ್ಷದೊಳಗಿನ ಮಕ್ಕಳಿಗೆ ನೈಲಾನ್ ತಂತಿಯದೇ ಒಳ್ಳೆಯದೆಂದು ಹೇಳಬೇಕು, ಅದರಲ್ಲೂ ಮುಕ್ಕಾಲು ಅಥವಾ ಅರ್ಧ ಅಳತೆಯದು. 'ಹೇಗೂ ಬೆಳೆಯುತ್ತಾನೆ' ಎಂದು ದೊಡ್ಡ ಅಂಗಿ ಕೊಂಡಂತೆ ಪೂರ್ಣ ಅಳತೆಯ ಗಿಟಾರ್ ಕೊಟ್ಟರೆ ಮಗುವಿನ ಬೆರಳು ಮೊದಲ ಮನೆಯನ್ನು ಮುಟ್ಟುವುದೇ ಕಷ್ಟ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಆರು ಉಕ್ಕಿನ ತಂತಿಗಳ ಒಟ್ಟು ಎಳೆತ 70 ಕಿಲೊಗ್ರಾಮ್ ತೂಕದ ಆಸುಪಾಸಿನಲ್ಲಿರುತ್ತದೆ. ನೈಲಾನ್ ತಂತಿಗಳದು ಸುಮಾರು 40. ನೈಲಾನಿಗಾಗಿ ಮಾಡಿದ ವಾದ್ಯಕ್ಕೆ ಉಕ್ಕಿನ ತಂತಿ ಕಟ್ಟಿದರೆ ಕುದುರೆ ಕಿತ್ತು ಬರಬಹುದು, ದಂಡಿ ಬಾಗಬಹುದು.

ಶ್ರುತಿ ಮಾಡುವುದು

ತಂತಿಗಳನ್ನು ತೆಳುವಾದದ್ದರಿಂದ ಎಣಿಸುತ್ತಾರೆ: ಕೆಳಗಿನ ತೆಳು ತಂತಿ ಒಂದನೆಯದು, ಮೇಲಿನ ದಪ್ಪ ತಂತಿ ಆರನೆಯದು. ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ ಎಂಬ ಅಕ್ಷರಗಳನ್ನು ಇಟ್ಟಿದ್ದಾರೆ. ಇವು ಸರಿಗಮದಂತೆ ಗಾಯಕರೊಂದಿಗೆ ಜಾಗ ಬದಲಿಸುವುದಿಲ್ಲ; ಪ್ರತಿಯೊಂದಕ್ಕೂ ಸ್ಥಿರವಾದ ಕಂಪನ ಸಂಖ್ಯೆಯಿದೆ. ಸಂಗೀತದವರು ಒಂದು ಮನೆ ಶ್ರುತಿ ಎನ್ನುವುದು ಸಿ, ಎರಡು ಮನೆ ಎನ್ನುವುದು ಡಿ, ಐದು ಮನೆ ಎನ್ನುವುದು ಜಿ. ಇಲ್ಲಿ ಮನೆ ಎಂದರೆ ಹಾರ್ಮೋನಿಯಮ್ಮಿನ ಬಿಳಿ ಮನೆ, ಫ್ರೆಟ್ಟುಗಳ ನಡುವಿನದಲ್ಲ.

ದಪ್ಪ ತಂತಿಯಿಂದ ತೆಳುವಿನ ಕಡೆಗೆ ಗಿಟಾರಿನ ಶ್ರುತಿ ಇ, ಎ, ಡಿ, ಜಿ, ಬಿ, ಇ. ಆರನೆಯದು 82.4 ಹರ್ಟ್ಜ್, ಐದನೆಯದು 110, ನಾಲ್ಕನೆಯದು 146.8, ಮೂರನೆಯದು 196, ಎರಡನೆಯದು 246.9, ಒಂದನೆಯದು 329.6. ಗಿಟಾರಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಅಥವಾ ಮೊಬೈಲಿನ ಟ್ಯೂನರ್ ಆ್ಯಪ್ ಈ ಕೆಲಸಕ್ಕೆ ಸಾಕು. ಕಿವಿಯಿಂದಲೇ ಮಾಡಬೇಕೆಂದರೆ ಆರನೆಯ ತಂತಿಯನ್ನು ಐದನೆಯ ಫ್ರೆಟ್ಟಿನಲ್ಲಿ ಒತ್ತಿ, ಆ ಸ್ವರಕ್ಕೆ ಬಿಟ್ಟ ಐದನೆಯ ತಂತಿಯನ್ನು ಕೂಡಿಸಬೇಕು, ಹೀಗೆಯೇ ಮುಂದುವರಿಯಬೇಕು. ಮೂರನೆಯ ತಂತಿಯಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ನಾಲ್ಕನೆಯ ಫ್ರೆಟ್ಟಿನಲ್ಲಿ ಒತ್ತಬೇಕು.

ವೀಣೆಯ ನುಡಿಸುವ ತಂತಿಗಳು ಷಡ್ಜ, ಪಂಚಮಗಳಿಗೆ ನಿಂತಿರುತ್ತವೆ. ಗಿಟಾರಿನಲ್ಲಿ ಪ್ರತಿ ತಂತಿಯೂ ಅದರ ಮೇಲಿನ ತಂತಿಗೆ ಮಧ್ಯಮ, ಒಂದು ಕಡೆ ಮಾತ್ರ ಅಂತರ ಗಾಂಧಾರ. ವಿಚಿತ್ರವಾಗಿ ತೋರುವ ಈ ಏರ್ಪಾಡಿಗೆ ಕಾರಣ ವೀಣೆಯಲ್ಲಿಲ್ಲದ ಒಂದು ಕೆಲಸ: ನಾಲ್ಕೇ ಬೆರಳುಗಳ ಅಳವಿನೊಳಗೆ ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯುವುದು.

ಕಾರ್ಡ್: ಹೊಸದಾದ ಅರ್ಧ

ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೆ ಒಂದು ಬರುತ್ತವೆ. ಅವುಗಳ ಹಿಂದೆ ತಂಬೂರಿ ಒಂದೇ ನೆಲೆಯಲ್ಲಿ ನಿಂತಿರುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಆ ನೆಲೆಯೇ ಹಾಡಿನ ಜೊತೆ ಸರಿಯುತ್ತದೆ. ಹೀಗೆ ಸರಿಯುವ ನೆಲೆಯೇ ಕಾರ್ಡ್. ಕನಿಷ್ಠ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಒಂದು ಕಾರ್ಡ್ ಆಗುತ್ತದೆ. ಷಡ್ಜ, ಅಂತರ ಗಾಂಧಾರ, ಪಂಚಮ ಕೂಡಿದರೆ ಮೇಜರ್. ಗಾಂಧಾರವನ್ನು ಒಂದು ಮನೆ ಇಳಿಸಿ ಸಾಧಾರಣ ಗಾಂಧಾರವಾಗಿಸಿದರೆ ಮೈನರ್. ಶಂಕರಾಭರಣದ ಗಾಂಧಾರಕ್ಕೂ ಖರಹರಪ್ರಿಯದ ಗಾಂಧಾರಕ್ಕೂ ಇರುವ ಬಣ್ಣದ ವ್ಯತ್ಯಾಸವನ್ನು ಬಲ್ಲವರಿಗೆ ಮೇಜರ್ ಏಕೆ ಬೆಳಕಾಗಿ, ಮೈನರ್ ಏಕೆ ಮಂಕಾಗಿ ಕೇಳಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಮೊದಲು ಕಲಿಯಲು ತಕ್ಕದ್ದು ಇ ಮೈನರ್. ಐದನೆಯ ಮತ್ತು ನಾಲ್ಕನೆಯ ತಂತಿಗಳನ್ನು ಎರಡನೆಯ ಫ್ರೆಟ್ಟಿನಲ್ಲಿ ಒತ್ತಿ ಉಳಿದ ನಾಲ್ಕನ್ನು ಹಾಗೆಯೇ ಬಿಟ್ಟರೆ ಆಯಿತು. ಆಗ ದಪ್ಪ ತಂತಿಯಿಂದ ಕೆಳಕ್ಕೆ ನುಡಿಯುವ ಸ್ವರಗಳು ಇ, ಬಿ, ಇ, ಜಿ, ಬಿ, ಇ. ಇ ಎಂಬುದನ್ನು ಷಡ್ಜವೆಂದುಕೊಂಡರೆ ಇದು ಸ, ಪ, ಸ, ಗ, ಪ, ಸ. ಆರು ತಂತಿಗಳು ನುಡಿದರೂ ಸ್ವರಗಳು ಮೂರೇ. ಸ್ಥಾಯಿ ಮಾತ್ರ ಬೇರೆ ಬೇರೆ. ಇದೇ ಹಿಡಿತಕ್ಕೆ ಮೂರನೆಯ ತಂತಿಯ ಮೊದಲ ಫ್ರೆಟ್ಟನ್ನು ಸೇರಿಸಿ ಒತ್ತಿದರೆ ಗಾಂಧಾರ ಏರಿ ಇ ಮೇಜರ್ ಆಗುತ್ತದೆ. ಎರಡನ್ನೂ ಒಂದಾದ ಮೇಲೊಂದು ನುಡಿಸಿ ಕೇಳಿದರೆ ಪುಸ್ತಕದ ಹಲವು ಪುಟಗಳ ವಿವರಣೆ ಬೇಕಾಗುವುದಿಲ್ಲ.

ಒಂದು ಹಾಡಿಗೆ ಸಾಮಾನ್ಯವಾಗಿ ಷಡ್ಜ, ಮಧ್ಯಮ, ಪಂಚಮಗಳ ಮೇಲೆ ಕಟ್ಟಿದ ಮೂರು ಕಾರ್ಡುಗಳು ಬೆನ್ನೆಲುಬು. ಸಿ ಎಂಬುದು ಷಡ್ಜವಾದರೆ ಅವು ಸಿ, ಎಫ್, ಜಿ. ಜಿ ಷಡ್ಜವಾದರೆ ಜಿ, ಸಿ, ಡಿ. ಎಫ್ ಕಾರ್ಡಿಗೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಬೇಕಾಗುವುದರಿಂದ ಹೊಸಬರ ಕೈ ಸೋಲುತ್ತದೆ. ಆದ್ದರಿಂದಲೇ ಶಿಕ್ಷಕರು ಸಾಮಾನ್ಯವಾಗಿ ಜಿ, ಸಿ, ಡಿ, ಇ ಮೈನರ್ ಎಂಬ ನಾಲ್ಕರಿಂದ ಆರಂಭಿಸುತ್ತಾರೆ. ಹಾಡುವವರ ಶ್ರುತಿ ಬೇರೆಯಾದರೆ ದಂಡಿಗೆ ಕೇಪೊ ಎಂಬ ಹಿಡಿಕೆಯನ್ನು ಬಿಗಿಯಬಹುದು. ಎರಡನೆಯ ಫ್ರೆಟ್ಟಿನಲ್ಲಿ ಕೇಪೊ ಹಾಕಿ ಸಿ ಹಿಡಿತವನ್ನು ಹಿಡಿದರೆ ನುಡಿಯುವುದು ಡಿ, ಅಂದರೆ ಎರಡು ಮನೆ ಶ್ರುತಿ. ಬೆರಳುಗಳು ಹೊಸದೇನನ್ನೂ ಕಲಿಯಬೇಕಿಲ್ಲ.

ಸಂಗೀತ ಪಾಠ ಮಾಡಿಕೊಂಡ ಮಕ್ಕಳು ಇಲ್ಲಿ ಒಂದು ಕಡೆ ಎಡವುತ್ತಾರೆ. ಸರಳೆ ವರಸೆಯ ಮಾಯಾಮಾಳವಗೌಳ ರಾಗಕ್ಕೆ ಈ ಮೂರು ಕಾರ್ಡುಗಳನ್ನು ಹಾಕಲು ಹೋದರೆ ಕೂಡುವುದಿಲ್ಲ. ಷಡ್ಜದ ಮೇಲಿನ ಮೇಜರ್ ಸರಿ ಹೋಗುತ್ತದೆ. ಆದರೆ ಶುದ್ಧ ಧೈವತ ಇರುವುದರಿಂದ ಮಧ್ಯಮದ ಮೇಲಿನದು ಮೈನರ್ ಆಗುತ್ತದೆ, ಪಂಚಮದ ಮೇಲೆ ಪ, ನಿ, ರಿ ಸೇರಿಸಿದರೆ ಶುದ್ಧ ರಿಷಭದ ದೆಸೆಯಿಂದ ಅದು ಮೇಜರೂ ಅಲ್ಲದ, ಮೈನರೂ ಅಲ್ಲದ ಕರ್ಕಶ ಕೂಟವಾಗುತ್ತದೆ. ಶಂಕರಾಭರಣದಲ್ಲಿ ಮೂರೂ ಸಲೀಸಾಗಿ ಕೂಡುತ್ತವೆ, ಏಕೆಂದರೆ ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿಯ ಸ್ವರಸ್ಥಾನಗಳೇ ಅದರವು. ಮೋಹನದಲ್ಲಿ ಮಧ್ಯಮ, ನಿಷಾದಗಳಿಲ್ಲದಿರುವುದರಿಂದ ರಾಗದೊಳಗಿನ ಸ್ವರಗಳಿಂದಲೇ ಪೂರ್ತಿಯಾಗಿ ಕಟ್ಟಬಹುದಾದವು ಷಡ್ಜದ ಮೇಲಿನ ಮೇಜರ್, ಧೈವತದ ಮೇಲಿನ ಮೈನರ್, ಇವೆರಡೇ. ಹಾಡಿಗೆ ಕಾರ್ಡ್ ಹುಡುಕುವ ಮೊದಲು ಅದು ಯಾವ ಸ್ವರಗಳಲ್ಲಿ ನಡೆಯುತ್ತದೆ ಎಂದು ನೋಡುವುದು ಈ ಕಾರಣಕ್ಕೆ.

ರಾಗವನ್ನೋ ಹಾಡಿನ ಧಾಟಿಯನ್ನೋ ಬಿಡಿ ಸ್ವರಗಳಲ್ಲಿ ನುಡಿಸಲು ಟ್ಯಾಬ್ ಎಂಬ ಬರವಣಿಗೆ ಇದೆ. ಆರು ಅಡ್ಡಗೆರೆಗಳು ಆರು ತಂತಿಗಳು. ಗೆರೆಯ ಮೇಲಿನ ಅಂಕಿ ಒತ್ತಬೇಕಾದ ಫ್ರೆಟ್, ಸೊನ್ನೆ ಎಂದರೆ ಬಿಟ್ಟ ತಂತಿ. ಮೇಲಿನ ಗೆರೆ ತೆಳು ತಂತಿಯದು ಎಂಬುದನ್ನು ಮರೆತರೆ ಎಲ್ಲವೂ ತಲೆಕೆಳಗು.

ಬೆರಳು ಏಕೆ ನೋಯುತ್ತದೆ

ಬೆರಳ ತುದಿಯ ಚರ್ಮ ಗಟ್ಟಿಯಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ನೋವು ಸಹಜ. ಆದರೆ ಸಹಜವಲ್ಲದ ನೋವೂ ಇದೆ, ಮತ್ತು ಹೆಚ್ಚಿನ ಮನೆಗಳಲ್ಲಿ ಗಿಟಾರ್ ಬೀರುವಿನ ಮೇಲೆ ಸೇರುವುದು ಅದರಿಂದಲೇ ಎಂದು ತೋರುತ್ತದೆ. ಫ್ರೆಟ್ಟಿನಿಂದ ತಂತಿ ಇರುವ ಎತ್ತರಕ್ಕೆ ಆ್ಯಕ್ಷನ್ ಎನ್ನುತ್ತಾರೆ. ಶಾಲೆಯ ಸ್ಕೇಲನ್ನು ಹನ್ನೆರಡನೆಯ ಫ್ರೆಟ್ಟಿನ ಮೇಲೆ ನಿಲ್ಲಿಸಿ ಆರನೆಯ ತಂತಿಯ ಎತ್ತರ ನೋಡಿದರೆ ಉಕ್ಕಿನ ತಂತಿಯ ಗಿಟಾರಿನಲ್ಲಿ ಅದು 2ರಿಂದ 2.5 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು, ನೈಲಾನಿನದರಲ್ಲಿ 4ರವರೆಗೆ ಇರಬಹುದು. ಅಗ್ಗದ ವಾದ್ಯಗಳಲ್ಲಿ ಇದು ಎಷ್ಟೋ ಹೆಚ್ಚಾಗಿರುತ್ತದೆ. ಅಂಥ ತಂತಿಯನ್ನು ಒತ್ತುವುದು ದೊಡ್ಡವರಿಗೂ ಕಷ್ಟ. ವಾದ್ಯ ರಿಪೇರಿ ಮಾಡುವವರು ಕುದುರೆಯ ಮೇಲಿನ ಬಿಳಿ ಪಟ್ಟಿಯನ್ನು ತುಸು ಉಜ್ಜಿ, ಉಕ್ಕಿನ ತಂತಿಯ ಗಿಟಾರಾದರೆ ದಂಡಿಯೊಳಗಿನ ಟ್ರಸ್ ರಾಡ್ ಎಂಬ ಸಲಾಕೆಯನ್ನೂ ಹೊಂದಿಸಿ ಇದನ್ನು ಸರಿಪಡಿಸುತ್ತಾರೆ. ಮನೆಯಲ್ಲಿ ಮಾಡಹೋಗುವ ಕೆಲಸ ಇದಲ್ಲ.

ಉಳಿದದ್ದು ಹಿಡಿಯುವ ಕ್ರಮ. ಬೆರಳನ್ನು ಮನೆಯ ನಡುವೆ ಇಡದೆ ಫ್ರೆಟ್ಟಿಗೆ ತಾಗುವಂತೆ, ಅದರ ಹಿಂದೆಯೇ ಇಟ್ಟರೆ ಅರ್ಧ ಬಲ ಸಾಕು. ಹೆಬ್ಬೆರಳು ದಂಡಿಯ ಬೆನ್ನಿಗೆ ಆನಿಕೊಂಡಿರಬೇಕು, ಎಡಗೈ ಉಗುರು ಚಿಕ್ಕದಾಗಿರಬೇಕು. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಇಪ್ಪತ್ತು ನಿಮಿಷ ಕೂರುವುದರಿಂದ ಚರ್ಮವೂ ಕೈಯೂ ಬೇಗ ಒಗ್ಗುತ್ತವೆ.

ಬಲಗೈ ಮತ್ತು ತಾಳ

ಪಿಕ್ ಎಂಬ ಪ್ಲಾಸ್ಟಿಕ್ ಬಿಲ್ಲೆಯಿಂದಲೋ ಬೆರಳಿನಿಂದಲೋ ತಂತಿಗಳ ಮೇಲೆ ಕೆಳಕ್ಕೂ ಮೇಲಕ್ಕೂ ಸವರುವುದಕ್ಕೆ ಸ್ಟ್ರಮ್ಮಿಂಗ್ ಎನ್ನುತ್ತಾರೆ. ಮೈಸೂರಿನಲ್ಲಿ ಓದಿದ ಗಾಯಕ ರಘು ದೀಕ್ಷಿತರಂತೆ ಗಿಟಾರ್ ಹಿಡಿದು ಹಾಡುವವರ ಬಲಗೈಯನ್ನು ಗಮನಿಸಿದರೆ ಅದು ನಿಲ್ಲದೆ ಮೇಲೆ ಕೆಳಗೆ ಆಡುತ್ತಲೇ ಇರುವುದು ಕಾಣುತ್ತದೆ. ತಂತಿಯನ್ನು ಮುಟ್ಟದ ಹೊತ್ತಿನಲ್ಲೂ ಕೈ ತಾಳ ಹಾಕುತ್ತಿರುತ್ತದೆ. ನಾಲ್ಕು ಎಣಿಕೆಗಳ ಆವರ್ತ ಎರಡು ಬಾರಿ ಬಂದರೆ ಆದಿತಾಳದ ಎಂಟು ಅಕ್ಷರಗಳಾಗುತ್ತವೆ. ಎಣಿಕೆ ಬೀಳುವಲ್ಲಿ ಕೈ ಕೆಳಕ್ಕೆ, ಎರಡು ಎಣಿಕೆಗಳ ನಡುವೆ ಮೇಲಕ್ಕೆ. ಹೊಸಬರು ಕಾರ್ಡ್ ಬದಲಿಸುವಾಗ ಬಲಗೈಯನ್ನು ನಿಲ್ಲಿಸಿ ಎಡಗೈಗಾಗಿ ಕಾಯುತ್ತಾರೆ. ಅದರ ಬದಲು ಎಡಗೈ ಹಿಂದುಳಿಯದಷ್ಟು ನಿಧಾನವಾದ ಕಾಲಪ್ರಮಾಣವನ್ನು ಆರಿಸಿಕೊಳ್ಳಬೇಕು.

ಬಿಸಿಲು, ಮಳೆ

ಮರ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಗಿಟಾರಿಗೆ ಹಿತವಾದ ಆರ್ದ್ರತೆ ಶೇ. 45ರಿಂದ 55. ಮಾರ್ಚ್, ಏಪ್ರಿಲ್ ತಿಂಗಳ ಒಣ ಮಧ್ಯಾಹ್ನಗಳಲ್ಲಿ ಈ ಸೀಮೆಯ ಹವೆ ಅದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ, ಮುಂಗಾರಿನಲ್ಲಿ ಮೇಲೇರುತ್ತದೆ. ಋತು ಬದಲಾದಾಗ ಶ್ರುತಿ ಪದೇ ಪದೇ ತಪ್ಪುವುದಕ್ಕೂ ಆ್ಯಕ್ಷನ್ ಏರಿಳಿಯುವುದಕ್ಕೂ ಇದೇ ಕಾರಣ. ಗಿಟಾರನ್ನು ಗೋಡೆಗೆ ಒರಗಿಸಿಡುವ ಬದಲು ಚೀಲದಲ್ಲೋ ಪೆಟ್ಟಿಗೆಯಲ್ಲೋ ಇಡುವುದು, ಮಳೆಗಾಲದಲ್ಲಿ ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುವುದು, ನುಡಿಸಿದ ಮೇಲೆ ಬೆವರು ಹತ್ತಿದ ತಂತಿಗಳನ್ನು ಒಣ ಬಟ್ಟೆಯಿಂದ ಒರೆಸುವುದು ಸಾಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಮಾತ್ರ ವಾದ್ಯವನ್ನು ಬಿಡಬಾರದು. ಆ ಕಾವಿಗೆ ಕುದುರೆಯ ಅಂಟು ಮೆತ್ತಗಾಗುತ್ತದೆ, ತಂತಿಗಳ ಎಳೆತ ಉಳಿದ ಕೆಲಸವನ್ನು ಮಾಡುತ್ತದೆ.